ಸೆರಗಿನ ಎಳೆ

ಮಾರ್ಚ್ ೨೦, ಶುಕ್ರವಾರ. ಸೂರ್, ಒಮಾನ್.

ಬೆಳಿಗ್ಗೆಯೂ ಅತ್ತೆಯದು ಅದೇ ಮಾತು: "ನನ್ನ ಖಾನಾಪುರಕ್ಕ ಕಳಸವಾ. ಇಲ್ಲಿ ಯುಗಾದಿ ಯುಗಾದಿ ಅನಸೂದಿಲ್ಲ." ಮಸ್ಕತ್ತಿನ ನಮ್ಮ ಮನೆಗೆ ಬಂದು ಹದಿನೈದು ದಿನ, ಟಿಕೆಟ್ ಮಾಡಿಸು ಎಂಬ ಒಂದೇ ಜಪ. ರಮಜಾನ್ ರಜೆಗೆ ಸಮುದ್ರ ತೋರಿಸಲು ಇಲ್ಲಿ ಸೂರ್‌ಗೆ ಕರೆತಂದರೂ ಮುಖ ಗಂಟೇ. ನನಗೂ ಸಿಟ್ಟು ಬಂದಿತ್ತು.

ಸಂಜೆ ದಂಡೆಯ ಮೇಲೆ ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ, ಗುಡ್ಡದ ಕಡೆ ಈದ್ ಹಬ್ಬದ ಚಂದ್ರನನ್ನು ಹುಡುಕುತ್ತಿದ್ದರು.

"ಅಲ್ಲೇ ಐತಲ್ಲಾ!" ಮೊದಲು ಕೂಗಿದವರು ಅತ್ತೆ. ಅವರು ಹುಡುಕಿದ್ದು ಯುಗಾದಿ ಚಂದ್ರನನ್ನು. ಪಕ್ಕದ ಚಾಪೆಯಲ್ಲಿದ್ದ ಎದುರುಮನೆಯ ವಯಸ್ಸಾದ ಒಮಾನಿ ಹೆಂಗಸು ಅವರ ಬೆರಳಿನ ಗುರಿ ಹಿಡಿದು ನೋಡಿ, ಕಣ್ಣು ತುಂಬಿಕೊಂಡು, ಕೈತುಂಬ ಖರ್ಜೂರ ಕೊಟ್ಟರು.

ಅತ್ತೆ ಸೆರಗಿನಿಂದ ಎಳೆಯೊಂದನ್ನು ಕಿತ್ತು ಚಂದ್ರನಿಗೆ ಹಿಡಿದರು. "ಹಳೇದ ತಗೊ, ಹೊಸಾದ ಕೊಡು." ನನ್ನ ಬಟ್ಟೆಯಿಂದ ಎಳೆಯೇ ಬರಲಿಲ್ಲ. ತಮ್ಮ ವಡಗಾವಿ ನೇಯ್ಗೆಯ ಸೀರೆಯಿಂದಲೇ ಇನ್ನೊಂದು ಕಿತ್ತು ನನ್ನ ಕೈಗಿಟ್ಟರು. ನಾನೂ ಹಿಡಿದೆ. ಏನು ಬೇಡಿದೆನೆಂದು ಬರೆಯುವುದಿಲ್ಲ.

ಈಗ ಮಲಗುವಾಗ ಟಿಕೆಟ್ಟಿನ ಮಾತು ಬರಲಿಲ್ಲ. "ನಾಳಿ ಆ ಅಕ್ಕಾಗ ಹೋಳಿಗಿ ಮಾಡಿ ಒಯ್ಯೂಣೇನವಾ?" ಅಂದರು.

ರಜೆಗೆಂದು ಹಿಡಿದ ಈ ಬಾಡಿಗೆ ಮನೆಯಲ್ಲಿ ಒಲೆಯಿದೆ, ಕಡಲೆಬೇಳೆಯಿಲ್ಲ. ಹಬ್ಬದ ದಿನ ಯಾವ ಅಂಗಡಿ ತೆರೆದಿರುತ್ತದೋ, ಬೇಗ ಎದ್ದು ಹುಡುಕಬೇಕು.