ಹಗೇವಿನ ಡಿಸ್ಕಿಗೆ ನೀರು-ಬೆಲ್ಲ

ಕರಿಹೊಲ
ಫೆಬ್ರವರಿ ಮೂವತ್ತು, ೨೧೭೨

ಮಾತೋಶ್ರೀ ತುಂಗವ್ವ ಟೀಚರ ಪಾದಗಳಿಗೆ, ನಿಮ್ಮ ಮರಿಮೊಮ್ಮಗನ ಮೊಮ್ಮಗ ದ್ಯಾಮಣ್ಣನ ಶರಣು.

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡಿ. ತಿಂಗಳುಗಳ ತಗ್ಗು-ದಿಬ್ಬ ತೆಗೆದು ಸಪಾಟು ಮಾಡಿ ನಮ್ಮಲ್ಲಿ ಬಹಳ ಕಾಲವಾಯಿತು. ನನ್ನ ಶಬ್ದಗಳು ಅಲ್ಲಲ್ಲಿ ವಿಚಿತ್ರ ಕಂಡರೂ ಮನ್ನಿಸಿ. ನಾನು ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಕಲಿತವನು. ಅಷ್ಟೇ ಸಾಕಾಯಿತು. ಇನ್ನೂ ಕಲಿತಿದ್ದರೆ ಈ ಊರಿಗೆ ನನ್ನನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು.

ನಾವು ಕೋಳಿ ಕೂಗುವ ಮೊದಲೇ ಹೊಲಕ್ಕೆ ಹೋಗಿ, ಬಿಸಿಲು ಏರುವಷ್ಟರಲ್ಲಿ ನೆರಳೋಣಿಗೆ ಮರಳುತ್ತೇವೆ. ನೆರಳೋಣಿ ಎಂದರೆ ಆ ಕಡೆಯ ಮಾಳಿಗೆಯಿಂದ ಈ ಕಡೆಯ ಮಾಳಿಗೆಗೆ ಚಪ್ಪರ ಹೊದಿಸಿದ ಓಣಿ. ಮಧ್ಯಾಹ್ನಕ್ಕೆ ಸುಡುಹೊತ್ತು ಎಂಬ ಹೆಸರು. ಆಗ ಯಾರೂ ಹೊರಗೆ ಕಾಲಿಡುವುದಿಲ್ಲ. ಹೆಂಗಸರು ಗಂಡಸರು ಕೂಡಿ ಶೇಂಗಾ ಸುಲಿಯುತ್ತಾರೆ, ನಾನು ಕತೆ ಹೇಳುತ್ತೇನೆ, ಅವರು ನಂಬುವುದಿಲ್ಲ. ಓಣಿಯ ತುದಿಗೊಂದು ಮಾತುಗಲ್ಲು ಇದೆ. ನಿಮ್ಮ ಕಾಲದ ಫೋನು, ಕಂಪ್ಯೂಟರು ಎರಡರ ಕೆಲಸವನ್ನೂ ಅದೇ ಮಾಡುತ್ತದೆ. ಚಂದ್ರನ ಮೇಲಿನ ಹವೆ ಕೇಳಿದರೂ ಹೇಳುತ್ತದೆ. ಆದರೆ ಹಗೇವು ಕಟ್ಟುವುದು ಹೇಗೆಂದು ಕೇಳಿದರೆ ಮೂಕ.

ನಮಗೆ ಬೇಕಾಗಿದ್ದು ಅದೊಂದೇ. ಸೆಖೆ ಹೆಚ್ಚಿ ಮೇಲಿನ ಕಣಜಗಳ ಜೋಳಕ್ಕೆಲ್ಲ ಹುಳ ಬೀಳತೊಡಗಿದಾಗ, ಊರ ಹಿರಿಯಳಾದ ರಾಚವ್ವ ಹಳೆಯ ಕಾಲದವರಂತೆ ನೆಲದೊಳಗಿನ ಹಗೇವಿನಲ್ಲಿ ಕಾಳು ಇಡಿಸಿದಳು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗಡಿಗೆಯಂತೆ ತೋಡಿದ ಗುಂಡಿ. ತೋಡುವುದು ಯಾರಿಗಾದರೂ ಬರುತ್ತದೆ. ತೆಗೆದು ನೋಡಿದಾಗ ಜೋಳ ಮುಗ್ಗಿತ್ತು, ದನವೂ ಮೂಸಲಿಲ್ಲ. ಆ ವರ್ಷ ಪರವೂರಿನ ಕಾಳು ತಿಂದೆವು. ಹೋದ ಸುಗ್ಗಿಯಲ್ಲಿ ಮತ್ತೊಂದು ತೋಡುವಾಗ ರಾಚವ್ವ ಎಲ್ಲರೆದುರು ಹೇಳಿದಳು: "ಈ ಸಲಾನೂ ಮುಗ್ಗಿದ್ರ ಊರು ಎತ್ತೂದ. ಕಾಳು ನಿಲ್ಲದ ಊರಾಗ ಮಂದಿ ಹೆಂಗ ನಿಲ್ತಾರು?"

ಆಗ ಗುದ್ದಲಿ ಟಣ್ ಎಂದಿತು. ಕೆಳಗೆ ನಿಮ್ಮ ಕಾಲದ ಖಾಲಿ ಹಗೇವು. ಒಳಗೆ ಬೆಚ್ಚಗೆ ಒಣಗಿದ ಹುಲ್ಲು, ಹುಲ್ಲಿನ ಮೇಲೆ ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಅಂಗೈಯಗಲದ ಕರಿಯ ಪೆಟ್ಟಿಗೆ. ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ನಿಮ್ಮ ಅಕ್ಷರ: "ಹಗೇವು ಕಟ್ಟುವ ರೀತಿ, ವಿಡಿಯೊ. ತುಂಗವ್ವ." ಊರೇ ಕುಣಿಯಿತು.

ಕುಣಿದದ್ದು ಬೇಗವಾಯಿತು. ಡಬ್ಬಿಯಲ್ಲಿ ವಾಯರ್ ಇರಲಿಲ್ಲ, ಟೀಚರೇ.

ನನ್ನ ಅಣ್ಣನ ಮಗಳು ನಿಂಬವ್ವ ಸಾಲೆಯ ಹಳೆಸಾಮಾನು ಕೋಣೆಯನ್ನು ನೋಡಿಕೊಳ್ಳುವವಳು. ಅಲ್ಲಿ ನಿಮ್ಮ ಕಾಲದ ಒಂದು ಕಂಪ್ಯೂಟರು ಇನ್ನೂ ಉಸಿರಾಡುತ್ತದೆ. ಅವಳು ಹುಡುಕಿ ತಂದ ಮೊದಲ ವಾಯರ್ ಚುಚ್ಚಿದರೆ ಪೆಟ್ಟಿಗೆಯ ದೀಪ ಹತ್ತಿತು, ಕಂಪ್ಯೂಟರು ಮಾತ್ರ ತಿರುಗಿ ನೋಡಲಿಲ್ಲ. ಆ ವಾಯರ್ ಕರೆಂಟು ಹೊರುತ್ತಿತ್ತು, ಸುದ್ದಿ ಹೊರುತ್ತಿರಲಿಲ್ಲ. ಎರಡನೆಯದನ್ನು ಚುಚ್ಚಿದಾಗ ಪರದೆಯ ಮೇಲೆ ಪ್ರಶ್ನೆಯೊಂದು ಬಂತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

"ಪಾಪ, ಮರ್ಯಾದಿಲೆ ಕೇಳಾಕತ್ತೈತಿ. ಹೂಂ ಅನ್ನವಾ," ಎನ್ನುತ್ತ ರಾಚವ್ವ ತಾನೇ ಕೈ ಚಾಚಿದಳು.

"ಅತ್ತೀ, ಕೈ ತಗೀ! ಹೂಂ ಅಂದ್ರ ಒಳಗಿಂದೆಲ್ಲಾ ಬಳದು ಹಾಕತೈತಿ!" ಎಂದು ನಿಂಬವ್ವ ಚೀರಿದಳು.

ನಾನು ಪೆಟ್ಟಿಗೆಗೆ ಕಿವಿ ಹಚ್ಚಿದೆ. ಟಿಕ್ ಎನ್ನುವುದು, ಸುಮ್ಮನಾಗುವುದು, ಮತ್ತೆ ಟಿಕ್. ಏಳಲು ಹೋಗಿ ಮೊಣಕಾಲು ಹಿಡಿದು ಕುಸಿಯುವ ಮುದುಕನಂತೆ. ನನಗೆ ಸಿಟ್ಟೇ ಬಂತು.

"ಏ ನಿಂಬೀ, ಅಷ್ಟ ದೂರದಿಂದ ಬಂದ ಬೀಗರಿಗೆ ನೀರು-ಬೆಲ್ಲ ಕೊಡದೇ ಸುದ್ದಿ ಕೇಳ್ತೀಯಲ್ಲ, ಇದೇನ ರೀತಿ? ದಣದಾನಂವಾ."

"ಕಾಕಾ, ಡಿಸ್ಕಿಗೆ ಬೆಲ್ಲಾ ತಿನ್ನಸ್ತೀಯೇನು?" ಎಂದು ನಕ್ಕಳು. ಅರ್ಧ ನಗೆಯಲ್ಲೇ ನಿಂತಳು. "ತಡಿ. ಕರೆಂಟು ಸಾಲವಲ್ದು ಅದಕ್ಕ. ಏಳಾಕ ತ್ರಾಣಿಲ್ಲ."

ಮುದಿ ಕಂಪ್ಯೂಟರು ಕೊಡುವ ಗುಟುಕು ಕರೆಂಟಿನಲ್ಲಿ ನಿಮ್ಮ ಡಿಸ್ಕು ತಿರುಗಲಾರದೆ ತಿಣುಕುತ್ತಿತ್ತು. ಅವಳು ಬೇರೆ ಕರೆಂಟು ಕೊಡುವ ಪೆಟ್ಟಿಗೆಯೊಂದನ್ನು ನಡುವೆ ಇಟ್ಟು ಜೋಡಿಸಿದಳು. ನಾನು ಪಕ್ಕದಲ್ಲಿ ಒಂದು ಚೂರು ಬೆಲ್ಲವನ್ನೂ ಇಟ್ಟೆ. ಟಿಕ್ ನಿಂತು ಗುಂಯ್ ಎಂಬ ಸದ್ದು ಎದ್ದಿತು. ಕೆಲಸವಾದದ್ದು ಬೆಲ್ಲದಿಂದಲೇ ಎಂದು ನಾನು ಇಂದಿಗೂ ಹೇಳುತ್ತೇನೆ. ಇರುವೆಗಳೂ ನನ್ನ ಪರ.

ಆದರೂ ಪರದೆಯ ಮೇಲಿನ ಡಿಸ್ಕುಗಳ ಸಾಲಿನಲ್ಲಿ ನಿಮ್ಮದು ಕಾಣಲಿಲ್ಲ. ನಿಂಬವ್ವ ಕಂಪ್ಯೂಟರಿನ ಒಳಕೋಣೆ ತೆರೆದಳು. ಎಲ್ಲ ಡಿಸ್ಕುಗಳ ಜಾತಕ ಇರುವ ಜಾಗವದು. ನಿಮ್ಮದು ಅಲ್ಲಿತ್ತು, ಆರೋಗ್ಯವೂ ನೆಟ್ಟಗಿತ್ತು. ಇಲ್ಲದಿದ್ದದ್ದು ಹೆಸರಿನ ಅಕ್ಷರ. ಆ ಯಂತ್ರದಲ್ಲಿ ಪ್ರತಿ ಡಿಸ್ಕಿಗೂ ಪಂಕ್ತಿಯ ಮಣೆಯಂತೆ ಒಂದು ಅಕ್ಷರವಂತೆ. ನಿಮ್ಮದರ ಮಣೆಯ ಮೇಲೆ ಸಾಲೆಯ ಇನ್ನೊಂದು ಡಿಸ್ಕು ಕುಳಿತುಬಿಟ್ಟಿತ್ತು. ಅವಳು ಬೇರೆ ಅಕ್ಷರ ಕೊಟ್ಟ ತಕ್ಷಣ ನಿಮ್ಮದು ಬಂದು ಕುಳಿತಿತು. ಈ ಯುಕ್ತಿಯೂ ನನ್ನದೇ ಎಂದು ಊರಲ್ಲಿ ಸುದ್ದಿಯಿದೆ. ಹಬ್ಬಿಸಿದವನು ನಾನೇ.

ಎಲ್ಲವನ್ನೂ ಬೇರೆ ಕಡೆ ನಕಲು ಮಾಡುವವರೆಗೂ ಅವಳು ಯಾರಿಗೂ ವಿಡಿಯೊ ತೋರಿಸಲಿಲ್ಲ. ರಾಚವ್ವ ಬೈದು ಸುಸ್ತಾದಳು.

ಆಮೇಲೆ ನೋಡಿದೆವು. ನಿಮ್ಮ ಮಾವನವರು ಹಗೇವಿನೊಳಗೆ ಜೋಳದ ಒಣದಂಟಿನ ಕಣಿಕೆ ಉರಿಸಿ ಗೋಡೆ ಒಣಗಿಸುತ್ತಿದ್ದರು. ಬೆಂಕಿ! ನಾವು ಮಾಡದೆ ಬಿಟ್ಟದ್ದು ಅದೇ. ಬೂದಿ ಬಳಿದ ಮೇಲೆ ಹುಲ್ಲಿನ ಹಗ್ಗ ಹೊಸೆದು ಗೋಡೆಗುಂಟ ಸುತ್ತುತ್ತ ಮೇಲೆ ನೋಡಿದರು. "ತುಂಗವ್ವಾ, ಆ ಫೋನ್ ಇಡವಾ, ಹುಲ್ಲು ಹಿಡಿ," ಎಂದರು. ಚಿತ್ರ ವಾಲಿತು, ಒಂದು ಚೂರು ಆಕಾಶ ಕಂಡಿತು, ಮುಗಿಯಿತು.

ರಾಚವ್ವ ಸೆರಗು ಸಿಕ್ಕಿಸಿ ಎದ್ದಳು. "ಕೇಳಲಿಲ್ಲೇನು? ಹಿರೇರು ಹೇಳಾಕತ್ತಾರ. ಏಳ್ರಿ, ಹುಲ್ಲು ಹಿಡೀರಿ."

ನಿಮ್ಮ ಹಗೇವಿನ ಪಕ್ಕದಲ್ಲಿ ಅದೇ ರೀತಿ ಹೊಸದೊಂದು ಕಟ್ಟಿ ಜೋಳ ತುಂಬಿದ್ದೆವು. ಇಂದು ಅದರ ಬಾಯಿಗಲ್ಲು ತೆಗೆದೆವು. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಮೊದಲು ಇಳಿದವನು ನಾನು. ಮುಷ್ಟಿ ತುಂಬಿ ಮೇಲೆತ್ತಿದೆ. ಎಳೆ ಹಲ್ಲಿನಂಥ ಬಿಳಿ ಜೋಳ! ರಾಚವ್ವ ಒಂದು ಕಾಳು ಕಚ್ಚಿದಳು. ಕಟ್ ಎಂದ ಸದ್ದು ಒಳಗಿದ್ದ ನನಗೂ ಕೇಳಿಸಿತು. ಊರು ಎತ್ತುವ ಮಾತು ಅಲ್ಲಿಗೆ ಮುಗಿಯಿತು. ಮೊದಲ ರೊಟ್ಟಿ ನಿಮ್ಮ ಹೆಸರಿನಲ್ಲಿ ಎತ್ತಿಟ್ಟಿದ್ದೇವೆ. ಎರಡನೆಯದು ನನ್ನ ಹೊಟ್ಟೆಯಲ್ಲಿದೆ.

ಈ ಕಾಗದವನ್ನು ನಿಮ್ಮ ಡಬ್ಬಿಯಲ್ಲೇ ಇಟ್ಟು ನಿಮ್ಮ ಹಗೇವಿಗೆ ಇಳಿಸುತ್ತೇನೆ. ಡಿಸ್ಕು ಮುಂದಕ್ಕೆ ಬಂದ ದಾರಿಯಲ್ಲಿ ಕಾಗದ ಹಿಂದಕ್ಕೂ ಹೋದೀತು. ನಿಮಗೆ ಮುಟ್ಟುವ ಹೊತ್ತಿಗೆ ನೀವಿನ್ನೂ ವಿಡಿಯೊ ತೆಗೆಯುತ್ತಿದ್ದರೆ ನನ್ನದೊಂದು ವಿನಂತಿ. ಡಿಸ್ಕನ್ನು ಕಂಪ್ಯೂಟರಿನಿಂದ ಗಬಕ್ಕನೆ ಕೀಳಬೇಡಿ, ಅದಕ್ಕೆ ಹೇಳಿ ಬಿಡಿಸಿ. ಡಬ್ಬಿಯಲ್ಲಿ ವಾಯರನ್ನೂ ಇಡಿ. ಇಟ್ಟರೆ ನಮ್ಮ ನಿಂಬಿಯ ತಿರುಗಾಟ ತಪ್ಪುತ್ತದೆ, ನನ್ನ ಹೆಸರು ಮಾತ್ರ ಅಷ್ಟು ದೊಡ್ಡದಾಗುವುದಿಲ್ಲ. ಪರವಾಗಿಲ್ಲ, ಇಡಿ.

ಮಾವನವರು ಫೋನ್ ಇಡು ಎಂದಾಗ ಸಿಟ್ಟಾಗಬೇಡಿ. ಆ ಕೊನೆಯ ಮಾತನ್ನು ಕತ್ತರಿಸಲೂ ಬೇಡಿ. ಅವರು ಕರೆದದ್ದು ನಿಮ್ಮೊಬ್ಬರನ್ನೇ, ಎದ್ದು ಬಂದದ್ದು ಇಡೀ ಊರು.