ಇಸ್ತ್ರಿ ಹೊಡೆದ ಬಂಡೆ

ದೊಡ್ಡಪ್ಪಾ,

ಬಾದಾಮಿಯ ಕೆರೆ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ನೀವು ಕಲಿಸಿದಂತೆ ಕೈ ಅಲುಗಿಸದೆ ಮೂರು ದಿನದಿಂದ ಎದುರಿನ ಕೆಂಪು ಬಂಡೆಯ ಚಿತ್ರಕ್ಕೆ ಜಲವರ್ಣ ಬಳಿಯುತ್ತಿದ್ದೆ. ಇವತ್ತು ರೊಟ್ಟಿ ಮಾರುವ ಕಾಳವ್ವ ಇಣುಕಿ, “ಇದು ಕಲ್ಲಲ್ರಿ ಅಕ್ಕಾರ, ಇಸ್ತ್ರಿ ಹೊಡದ ಖಣ!” ಎಂದು ನಕ್ಕರು. ಮೊದಲು ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದರಂತೆ. ಸಿಟ್ಟು ಬಂದು, “ನೀವೇ ಬಳಿಯಿರಿ” ಎಂದು ಕುಂಚ ಕೊಟ್ಟೆ. ಕುಂಚದ ನೀರನ್ನು ಸೆರಗಿಗೆ ಒರೆಸಿ, ವಯಸ್ಸಿಗೆ ನಡುಗುವ ಕೈಯಲ್ಲಿ ಕಾಗದದ ಮೇಲೆ ಎಳೆದರು. ಬಣ್ಣ ಬಿಟ್ಟುಬಿಟ್ಟು ಹತ್ತಿ, ಬಂಡೆಯ ತರಿತರಿ ಹಾಗೇ ಎದ್ದು ಬಂತು!

ನನ್ನ ಕೆಮ್ಮು ವಾಸಿಯಾಗಿದೆ. ಕೈ ನಡುಗುತ್ತದೆಂದು ಅಟ್ಟಕ್ಕೆ ಹಾಕಿದ್ದೀರಲ್ಲ, ಆ ಕುಂಚಗಳನ್ನು ಇಳಿಸಿ ತೊಳೆದಿಡಿ. ಕಾರ್ಡು ತುಂಬಿತು. ಶನಿವಾರ ನಿಮ್ಮನ್ನು ಕರೆತರಲು ಬರುತ್ತೇನೆ. ಈ ಬಂಡೆಗೆ ನಿಮ್ಮ ಕೈಯೇ ಬೇಕು.

ವಾಸಂತಿ