ಕಳೆದುಹೋದ ಕರಡಿಗೆ

ಗಾವಡಗೆರೆ
೧೨-೨-೨೦೨೫

ಪ್ರೀತಿಯ ಸೊಸೆ ಪುಷ್ಪಾಗೆ ಅತ್ತೆಯ ಆಶೀರ್ವಾದ.

ನಿನ್ನ ನೆಗಡಿ ವಾಸಿಯಾಯಿತೇ? ನಿಮ್ಮಮ್ಮನ ಮಂಡಿನೋವು ಹೇಗಿದೆ? ಅತ್ತೆ ಚೆನ್ನಾಗಿದ್ದಾರೆ ಅಂತ ನಿನ್ನ ಗಂಡ ಹೇಳಿರುತ್ತಾನೆ, ನಂಬಬೇಡ. ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಬಸವಪ್ರಸಾದನ ಕೈಗೆ ಕೊಟ್ಟರೆ ದಾರಿಯಲ್ಲೇ ಒಡೆದು ಓದುತ್ತಾನೆ. ಹೆತ್ತ ಮಗನೇ ಆದರೂ ಅನುಮಾನ ಅನುಮಾನವೇ. ಅನ್ನ ಹಚ್ಚಿ ಅಂಟಿಸಿ ನಾನೇ ಪೋಸ್ಟ್ ಡಬ್ಬಕ್ಕೆ ಹಾಕುತ್ತೇನೆ. ಅಂಟು ಬಿಟ್ಟಿದ್ದರೆ ತಿಳಿಸು.

ನೀನು ತವರಿಗೆ ಹೋಗಿ ಇಪ್ಪತ್ತು ದಿನವಾಯಿತು. ನನ್ನ ಮದುವೆಗೆ ಮುಂಚಿನಿಂದ ಕೊರಳಲ್ಲಿದ್ದ ಲಿಂಗ, ಅದನ್ನಿಟ್ಟ ಬೆಳ್ಳಿ ಕರಡಿಗೆಯ ಸಮೇತ ಒಂದು ಬೆಳಿಗ್ಗೆ ಇಲ್ಲವಾದರೆ ಯಾರಿಗೆ ತಾನೇ ತಲೆ ನಿಲ್ಲುತ್ತದೆ? ಮನೆಯಲ್ಲಿದ್ದವರು ಮೂವರು. ಮಗ ಕದಿಯಲಾರ, ನನ್ನದನ್ನು ನಾನೇ ಕದಿಯಲಾರೆ, ಉಳಿದವಳು ನೀನು. ಹಿಂದಿನ ವಾರವಷ್ಟೇ ಕರಡಿಗೆ ನೋಡಿ, "ಎಷ್ಟ್ ಚೆಂದಾಗದೆ ಅತ್ತೆ" ಅಂದಿದ್ದೆ. ಹೊಗಳಿದವಳ ಮೇಲೇ ನನ್ನ ಕಣ್ಣು ಬಿತ್ತು. ಬೀದಿಗೆ ಬಂದು, ಎದುರುಮನೆ ಚಿಕ್ಕಬೀರಮ್ಮನ ಮುಂದೆ ನಿನ್ನನ್ನು ಕಳ್ಳಿ ಅಂದೆ. ನೀನು ಅಳಲಿಲ್ಲ, ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ. ಅಳದೆ ಹೋದೆಯಲ್ಲ, ಅದಕ್ಕೂ ಅನುಮಾನಪಟ್ಟೆ.

ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನನಗೆ ಊಟವಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಎರಡು ದಿನ ತುತ್ತು ಮುಟ್ಟದೆ ಗೋಡೆಗೆ ಒರಗಿ ಕೂತಿದ್ದೆ. ಶಿವಾ, ಕೊಟ್ಟವನು ನೀನು, ಕಳೆದದ್ದನ್ನು ಮತ್ತೆ ಕೊಡುವುದು ನಿನಗೇನು ದೊಡ್ಡದು ಎಂದು ಬೇಡಿಕೊಂಡೆ. ಮೂರನೆಯ ದಿನ ಮಠದ ಅಯ್ನೋರು ಹೊಸ ಲಿಂಗ ಹಿಡಿದು ಬಾಗಿಲಲ್ಲಿ ನಿಂತರು. ನಾನು ಹೇಳಿ ಕಳಿಸಿರಲಿಲ್ಲ. ಯಾರು ಹೇಳಿದರು ಅಂದರೆ, "ಶಿವ ಕಳಿಸ್ದ ಅನ್ಕಳಿ, ಮೊದ್ಲು ಮಿಂದು ಬನ್ನಿ" ಅಂದರು. ಶಿವನಿಗೆ ಈ ಮನೆಯ ಸುದ್ದಿ ಮುಟ್ಟಿಸಿದವರು ಯಾರು ಎಂದು ಮನಸ್ಸು ಕೊರೆಯತೊಡಗಿತು. ಲಿಂಗ ಕಟ್ಟಿಸಿಕೊಂಡು, ಪೂಜೆ ಮಾಡಿ, ಉಂಡು, ಅದನ್ನು ಸುತ್ತಿದ್ದ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಅಂಚಿಗೆಲ್ಲ ಸಣ್ಣ ಹೊಲಿಗೆ, ಮೂಲೆಗೆ ಎರಡೆರಡು ಗಂಟು. ನನ್ನ ರವಿಕೆಗಳಿಗೆಲ್ಲ ನೀನು ಹಾಕುವುದು ಅದೇ ಗಂಟು. ಅಯ್ನೋರನ್ನು ಬಿಡದೆ ಕೇಳಿದೆ. ಗಂಡನಿಂದ ಸುದ್ದಿ ತಿಳಿದು ನೀನೇ ಭೇರ್ಯದಿಂದ ಮಠಕ್ಕೆ ಬಂದು, "ಅತ್ತೆ ಊಟ ಬುಟ್ಟವ್ರೆ, ನಾನ್ ಕಳ್ಸಿದ್ದು ಅನ್ಬ್ಯಾಡಿ" ಅಂದೆಯಂತೆ.

ಕದ್ದವಳು ಪಾಪ ಕಳೆದುಕೊಳ್ಳಲು ಕೊಟ್ಟಿದ್ದಾಳೆ ಅಂತಲೇ ಮೊದಲು ಅಂದುಕೊಂಡೆ. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ನನ್ನದು. ದಿನಾ ಪೂಜೆಗೆ ಬಟ್ಟೆ ಬಿಚ್ಚುವಾಗ ಆ ಹೊಲಿಗೆ ಬೆರಳಿಗೆ ಸಿಗುತ್ತಿತ್ತು, ದಿನಾ ನಾಚಿಕೆಯಾಗುತ್ತಿತ್ತು. ಸಿಟ್ಟಿರುವ ಕೈ ಇಷ್ಟು ನಿಧಾನವಾಗಿ ಹೊಲಿಯುವುದಿಲ್ಲ ಪುಷ್ಪಾ. ಲಿಂಗ ತಂದುಕೊಟ್ಟ ಶಿವ ಸೊಸೆಯನ್ನೂ ತಂದುಕೊಟ್ಟಾನು ಎಂಬ ಆಸೆ ಹುಟ್ಟಿದೆ. ನನ್ನಂಥವಳಿಗೆ ಎರಡು ಸಲ ಕೊಡುತ್ತಾನೆಯೇ ಎಂಬ ಅನುಮಾನವೂ ಇದೆ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ಶರಣು ಹೇಳು. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅತ್ತೆ,
ಪುಟ್ಟಮಲ್ಲಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹಳೆಯ ಕರಡಿಗೆ ಲಿಂಗದ ಸಮೇತ ಸಿಕ್ಕಿತು. ನಿನ್ನೆ ಹಸುವಿಗೆ ಬೇಯಿಸಲು ಹುರುಳಿ ತೆಗೆಯುವಾಗ ಚೀಲದ ತಳದಲ್ಲಿತ್ತು, ದಾರ ಸವೆದು ಕಿತ್ತುಹೋಗಿತ್ತು. ಆ ಚೀಲಕ್ಕೆ ಕೈ ಹಾಕುವವಳು ನಾನೊಬ್ಬಳೇ. ಬಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಬೆಳಿಗ್ಗೆ ಅದನ್ನು ಹಿಡಿದು ಬೀದಿಗೆ ಹೋಗಿ, "ನನ್ ಸೊಸೆ ಕದ್ದಿಲ್ಲ ಕಣ್ರವ್ವ, ನಾನೇ ಕಳ್ಕಂಡಿದ್ದೆ" ಅಂತ ಎಲ್ಲರ ಮುಂದೆ ಹೇಳಿದೆ. ಚಿಕ್ಕಬೀರಮ್ಮ ನಕ್ಕಳು, ನಗಲಿ. ಹಳೆಯದನ್ನು ಅಯ್ನೋರಿಗೆ ಒಪ್ಪಿಸುತ್ತೇನೆ, ಕೊರಳಲ್ಲಿ ನೀನು ಕಳಿಸಿದ್ದೇ ಇರುತ್ತದೆ. ಭಾನುವಾರ ಮೊದಲ ಬಸ್ಸಿಗೆ ಭೇರ್ಯಕ್ಕೆ ಬರುತ್ತೇನೆ, ಮಗನನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ. ನಿಮ್ಮಮ್ಮನ ಮುಂದೆಯೂ ಅದೇ ಮಾತು ಹೇಳಬೇಕು. ಜೊತೆಯಲ್ಲಿ ಬರುತ್ತೀಯೋ ಇಲ್ಲವೋ ಈಗ ಕೇಳುವುದಿಲ್ಲ. ಬಾಗಿಲು ಮಾತ್ರ ತೆಗೆ ಕಣವ್ವ.